ಹೊಲಿಗೆಗೆ ಒಂದೂವರೆ ಇಂಚು ಬಿಟ್ಟ ಕಾರು

ನಮ್ಮ ಬೀದಿಯಲ್ಲಿ ಒಂದು ವಾರ ಒಂದು ಕಾರು ನಿಂತಿತ್ತು. ಅದಕ್ಕೆ ಚಕ್ರ ಇರಲಿಲ್ಲ, ಎಂಜಿನ್ ಇರಲಿಲ್ಲ, ನೆಲದಿಂದ ಮೇಲಕ್ಕೆ ಕೂದಲೆಳೆಯಷ್ಟು ಎತ್ತರವೂ ಇರಲಿಲ್ಲ. ಆದರೂ ಅದರ ದೆಸೆಯಿಂದ ಒಂದು ಮನೆಯಲ್ಲಿ ಮಾತು ನಿಂತಿತು, ಔಷಧಿ ಅಂಗಡಿಯ ವ್ಯಾಪಾರ ಕೆಟ್ಟಿತು, ನೀರಿನ ಟ್ಯಾಂಕರು ಬಂದ ದಾರಿಯಲ್ಲೇ ವಾಪಸು ಹೋಯಿತು, ಪುರಸಭೆಯ ಎಂಜಿನಿಯರ್ ಸಾಹೇಬರು ಗುಂಡಿಯಿಲ್ಲದ ಕೋಟು ತೊಟ್ಟು ನಡುಬೀದಿಯಲ್ಲಿ ನಿಲ್ಲಬೇಕಾಯಿತು. ನಿಜವಾದ ಕಾರೊಂದು ಇಷ್ಟೆಲ್ಲ ಕೆಲಸ ಮಾಡಿದ್ದನ್ನು ನಾನಂತೂ ಕಂಡಿಲ್ಲ.

ನನ್ನದು ಗಡಿಯಾರ ರಿಪೇರಿ ಅಂಗಡಿ. ಈಗ ಎಲ್ಲರೂ ಫೋನಿನಲ್ಲೇ ಗಂಟೆ ನೋಡಿಕೊಳ್ಳುವುದರಿಂದ ನನಗೆ ಬೀದಿ ನೋಡಲು ಬೇಕಾದಷ್ಟು ಪುರುಸೊತ್ತು. ನನ್ನ ಎಡಕ್ಕೆ ಟೈಲರನ ಅಂಗಡಿ. ಅವನ ಮನೆ ಅದರ ಹಿಂಭಾಗದಲ್ಲೇ. ಅದರಾಚೆಗೆ ಔಷಧಿ ಅಂಗಡಿ, ಅದಕ್ಕೆ ಬೀದಿಗಿಳಿಯುವ ಅಗಲವಾದ ಮೆಟ್ಟಿಲುಗಳು. ಮಧ್ಯಾಹ್ನ ಕರೆಂಟು ಹೋದಾಗ ನಾವು ಮೂವರೂ ಆ ಮೆಟ್ಟಿಲ ಮೇಲೆ ಕೂತು ಲೋಕದ ವ್ಯವಹಾರಗಳನ್ನು ಒಂದು ಹದಕ್ಕೆ ತರುವುದು ರೂಢಿ.

ಟೈಲರನಿಗೆ ಬೀದಿಯವರು ಇಟ್ಟ ಹೆಸರು ಒಂದೂವರೆ ಇಂಚು. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ. ಬೆನ್ನ ಹಿಂದೆ, ಆದರೆ ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ ಕರೆಯುತ್ತಾರೆ. ಯಾರ ಬಟ್ಟೆಯಾದರೂ ಸರಿ, ಹೊಲಿಗೆಯ ಒಳಗೆ ಅವನು ಒಂದೂವರೆ ಇಂಚು ಬಟ್ಟೆ ಹೆಚ್ಚಿಗೆ ಬಿಡುತ್ತಾನೆ. ಮನುಷ್ಯ ಹಿಗ್ಗುತ್ತಾನೆ, ಬಟ್ಟೆ ಕುಗ್ಗುತ್ತದೆ, ಇಬ್ಬರ ನಡುವೆ ರಾಜಿಗೆ ಅಷ್ಟಾದರೂ ಜಾಗ ಬೇಕು ಎನ್ನುವುದು ಅವನ ವಾದ. ಬಟ್ಟೆಗೆ ಮಾತ್ರ ಈ ನಿಯಮವೆಂದು ತಿಳಿಯಬೇಡಿ. ಮಂಚ ಮಾಡಿಸುವಾಗ ಬಡಗಿಗೂ ಹಾಗೇ ಹೇಳಿ ಮಾಡಿಸಿದ್ದರಿಂದ ಅವನ ಮಲಗುವ ಕೋಣೆಯ ಬಾಗಿಲು ಇವತ್ತಿಗೂ ಪೂರ್ತಿ ಮುಚ್ಚುವುದಿಲ್ಲ.

ಇನ್ನೊಂದು ವಿಶೇಷವೆಂದರೆ, ಯಾವ ವಸ್ತುವೇ ಆಗಲಿ, ಅದನ್ನು ಪೂರ್ತಿ ಅಳತೆಯಲ್ಲಿ ಚಾಕ್‌ಪೀಸಿನಿಂದ ಬರೆದು ನೋಡುವ ತನಕ ಅವನ ತಲೆಗೆ ಇಳಿಯುವುದಿಲ್ಲ. ಅತ್ತೆ ಬರುತ್ತಾರೆಂದು ಗೊತ್ತಾದರೆ ಮೊದಲು ಅವರ ಹಾಸಿಗೆಯ ಅಳತೆಯನ್ನು ನೆಲದ ಮೇಲೆ ಬರೆದು, ಸುತ್ತಲೂ ಓಡಾಡಿ ನೋಡುತ್ತಾನೆ. ಆಮೇಲೆ ಒಳಗೆ ಬನ್ನಿ ಎನ್ನುತ್ತಾನೆ.

ಅವನ ಹೆಂಡತಿಯನ್ನು ನಾವೆಲ್ಲ ಟೈಲರಮ್ಮ ಎನ್ನುತ್ತೇವೆ. ಅವನು ಕತ್ತರಿಸಿ ಹೊಲಿದರೆ ಕಾಜಾ, ಗುಂಡಿ, ಹುಕ್ಕು, ಹೆಮ್ಮಿಂಗ್ ಎಲ್ಲ ಆಕೆಯ ಕೈಯದು. ಕೆಲಸ ಹೆಚ್ಚಿದ್ದಾಗ ಮೆಷಿನ್ನೂ ತುಳಿಯುತ್ತಾರೆ, ಗಂಡನಿಗಿಂತ ಜೋರಾಗಿ. ಆಕೆ ಹಾಕಿದ ಗುಂಡಿ ಬಿದ್ದುಹೋದದ್ದನ್ನು ಬೀದಿಯಲ್ಲಿ ಯಾರೂ ಕಂಡಿಲ್ಲ. ಅಂಗಿ ಹರಿದು ಹೋದ ಮೇಲೂ ಗುಂಡಿ ಇರುತ್ತದೆ.

ಆ ಶನಿವಾರ ಕರೆಂಟು ಹೋಗಿತ್ತು. ಔಷಧಿ ಅಂಗಡಿಯವರು ಫೋನು ನೋಡುತ್ತಾ ನಮ್ಮಿಬ್ಬರಿಗೂ ಒಂದು ಪ್ರಶ್ನೆ ಹಾಕಿದರು. ದುಡ್ಡಿನ ಯೋಚನೆಯೇ ಇಲ್ಲ ಅಂತಾದರೆ ನೀವು ಯಾವ ಕಾರು ತೆಗೆದುಕೊಳ್ಳುತ್ತೀರಿ? ತಮಗೆ ಒಳಗೆ ಫ್ರಿಜ್ ಇರುವ ದೊಡ್ಡ ಕಾರು ಬೇಕೆಂದು ಅವರೇ ಮೊದಲು ಹೇಳಿಕೊಂಡರು. ನಾನು ಯೋಚಿಸಿ, ಮುಂದೆ ಕೀಲಿ ಕೊಡುವ ಗಡಿಯಾರ ಇರುವ ಯಾವ ಕಾರಾದರೂ ಆದೀತು, ಅದು ಕೆಟ್ಟರೂ ಚಿಂತೆಯಿಲ್ಲ, ಕೆಟ್ಟರೆ ಇನ್ನೂ ಒಳ್ಳೆಯದು ಎಂದೆ.

ಟೈಲರ್ ಫೋನು ಕೈಗೆ ತೆಗೆದುಕೊಂಡ. ಒಂದೊಂದೇ ಚಿತ್ರ ಸರಿಸುತ್ತಾ ಹೋದವನು ಒಂದು ಕೆಂಪು ಕಾರಿನ ಹತ್ತಿರ ನಿಂತುಬಿಟ್ಟ. ನೆಲಕ್ಕೆ ಅಂಟಿಕೊಂಡಂತಿತ್ತು, ಎರಡೇ ಬಾಗಿಲು.

"ಇದರ ಮೈ ನೋಡಿ," ಎಂದ. "ಒಂದು ಕಡೆನೂ ಸುಕ್ಕಿಲ್ಲ. ಕಟಿಂಗ್ ಅಂದ್ರೆ ಇದು."

ಸೈಕಲ್ಲಿನ ಮೇಲೂ ವಿಶ್ವಾಸವಿಲ್ಲದೆ ಅದನ್ನು ತಳ್ಳಿಕೊಂಡೇ ಓಡಾಡುವ ಮನುಷ್ಯ ಇವನು. ಔಷಧಿ ಅಂಗಡಿಯವರು ನಗು ತಡೆದುಕೊಂಡು, ಕಾರೇನೋ ಚೆನ್ನಾಗಿದೆ, ಆದರೆ ನಿನ್ನ ಮನೆಯ ಮುಂದೆ ಹಿಡಿಸುವುದಿಲ್ಲ ಎಂದರು. ಬೇರೆ ಏನಂದಿದ್ದರೂ ಅವನು ಸುಮ್ಮನಿರುತ್ತಿದ್ದ. ಅಳತೆ ತೆಗೆಯದೆ ಹಿಡಿಸುವುದಿಲ್ಲ ಎಂದರೆ ಮಾತ್ರ ಅವನಿಗೆ ಮೈಯೆಲ್ಲ ಉರಿಯುತ್ತದೆ. ಆ ಕಾರಿನ ಉದ್ದ ಅಗಲವನ್ನು ಅದೇ ಫೋನಿನಲ್ಲಿ ಹುಡುಕಿಸಿ, ಅಂಗೈ ಮೇಲೆ ಬರೆದುಕೊಂಡು ಎದ್ದುಹೋದ.

ಭಾನುವಾರ ಬೆಳಿಗ್ಗೆ ಬೀದಿ ಖಾಲಿಯಿತ್ತು. ಟೈಲರ್ ಕೊರಳಲ್ಲಿ ಟೇಪು, ಕೈಯಲ್ಲಿ ಚಾಕ್‌ಪೀಸು ಹಿಡಿದು ಬಂದ. ಟೇಪಿನ ಇನ್ನೊಂದು ತುದಿ ಹಿಡಿಯಲು ನನ್ನನ್ನು ಎಬ್ಬಿಸಿದ. ಮೊಣಕಾಲೂರಿ, ಗಾಳಿಗೆ ಚಾಕ್‌ಪೀಸಿನ ಪುಡಿ ಊದುತ್ತಾ, ಮೊದಲು ಬಾನೆಟ್ಟು, ಆಮೇಲೆ ಬಾಗಿಲು, ಕೊನೆಗೆ ಹಿಂಭಾಗದ ಸೊಂಪಾದ ತಿರುವು, ಎಲ್ಲವನ್ನೂ ಒಂದು ದೊಡ್ಡ ಕೋಟು ಕತ್ತರಿಸುವ ಶ್ರದ್ಧೆಯಿಂದ ಬರೆದ. ಬರೆದಾದ ಮೇಲೆ ಸುತ್ತಲೂ ಇನ್ನೊಂದು ಗೆರೆ ಎಳೆಯತೊಡಗಿದ. ಇದೇನೆಂದು ಕೇಳಿದರೆ, ಒಂದೂವರೆ ಇಂಚು ಎಂದ.

ಕಬ್ಬಿಣ ಕುಗ್ಗುವುದಿಲ್ಲವಲ್ಲ ಎಂದು ನಾನು ಮೆಲ್ಲಗೆ ನೆನಪಿಸಿದೆ.

"ಮೊದಲ ಸಲ ತೊಳೆದಾಗ ಎಲ್ಲಾನೂ ಕುಗ್ಗುತ್ತೆ ಕಣಯ್ಯ," ಎಂದ.

ಕಾರು ಹಿಡಿಸಿತು. ಹಿಡಿಸಿದ್ದಷ್ಟೇ ಅಲ್ಲ, ಆ ಕಡೆ ಈ ಕಡೆ ಗೇಣುದ್ದ ಮಿಕ್ಕಿತು. ಅವನ ಮುಖದಲ್ಲಿ ಅಂಥ ಸಂತೋಷ ನಾನು ನೋಡಿರಲಿಲ್ಲ. ಚಿತ್ರದಲ್ಲಿದ್ದ ಹಾಗೆಯೇ ಒಳಗೆ ಎರಡು ಸೀಟು ಬರೆದು, ಸ್ಟೀರಿಂಗು ಬರೆದು, ಎದ್ದು ನಿಂತು ಸೊಂಟಕ್ಕೆ ಕೈಯಿಟ್ಟುಕೊಂಡ. ಅದೇ ಹೊತ್ತಿಗೆ ಟೈಲರಮ್ಮ ನಮಗಿಬ್ಬರಿಗೂ ಟೀ ತಂದರು. ಇಲ್ಲಿಂದ ಮುಂದಿನದನ್ನು ನಾನು ಟೀ ಕುಡಿಯುತ್ತಾ ಕಣ್ಣಾರೆ ಕಂಡಿದ್ದೇನೆ.

ಆಕೆ ಕಾರನ್ನು ಸುತ್ತಿ ನೋಡಿದರು. ಚೆನ್ನಾಗಿದೆ ಎಂದರು. ಮನಸಾರೆ ಹೇಳಿದರು, ಅದರಲ್ಲಿ ಅನುಮಾನವಿಲ್ಲ. ಎಡಗಡೆಯ ಸೀಟಿನೊಳಗೆ ಹೋಗಿ ನಿಂತು, ಸೆರಗು ಸರಿಮಾಡಿಕೊಂಡು ಕೇಳಿದರು.

"ಓಡಿಸೋರು ಯಾರು ರೀ?"

"ಡ್ರೈವರ್ ಇಟ್ಕೊಳ್ಳೋದು," ಎಂದ ಟೈಲರ್. "ದುಡ್ಡಿನ ಯೋಚನೆ ಇಲ್ಲ ಅಂದ್ಮೇಲೆ ಡ್ರೈವರ್‌ಗೇನು ಬರ?"

"ಡ್ರೈವರ್ ಅಲ್ಲಿ ಕೂರ್ತಾನೆ."

"ಹೌದು."

"ನೀವೆಲ್ಲಿ ಕೂರ್ತೀರಿ?"

ಟೈಲರ್ ಎಡಗಡೆಯ ಸೀಟಿನತ್ತ ಬೆರಳು ತೋರಿಸಿದ. ಬೆರಳು ನೇರವಾಗಿ ಹೆಂಡತಿಯ ಕಡೆಗೇ ಹೋಯಿತು. ಆಗಲೂ ಅವನಿಗೆ ಏನೂ ಹೊಳೆಯಲಿಲ್ಲ ಎನ್ನುವುದನ್ನು ನಾನು ಅವನ ಪರವಾಗಿ ಹೇಳಬೇಕು. ಟೈಲರಮ್ಮ ತಮ್ಮ ಕಾಲ ಕೆಳಗಿನ ಗೆರೆ ನೋಡಿದರು, ಬಲಗಡೆಯ ಗೆರೆ ನೋಡಿದರು, ಮೂರನೆಯದಕ್ಕಾಗಿ ಹಿಂದಕ್ಕೆ ತಿರುಗಿ ನೋಡಿದರು. ಅಲ್ಲಿ ಬರೀ ತಿರುವಿತ್ತು.

"ಸರಿ ಬಿಡಿ," ಎಂದರು. "ನಾನು ಬಸ್ಸಲ್ಲಿ ಬರ್ತೀನಿ."

ಅರ್ಧ ಕುಡಿದ ಲೋಟಗಳನ್ನು ನಮ್ಮ ಕೈಯಿಂದ ತೆಗೆದುಕೊಂಡು ಒಳಗೆ ಹೋದರು. ಬಾಗಿಲು ಹಾಕಿಕೊಂಡರು. ಅದು ಮಲಗುವ ಕೋಣೆಯ ಬಾಗಿಲಾದ್ದರಿಂದ ಪೂರ್ತಿ ಮುಚ್ಚಲಿಲ್ಲ. ಮುಚ್ಚದ ಸಂದಿನಿಂದಲೇ ಇವನಿಗೆ ಮೌನ ಕೇಳಿಸಲಾರಂಭಿಸಿತು.

ಸೋಮವಾರದಿಂದ ಗುಂಡಿ ಕೆಲಸ ನಿಂತಿತು. ಅಡುಗೆ ಆಗುತ್ತಿತ್ತು, ಬಟ್ಟೆ ಒಗೆದಾಗುತ್ತಿತ್ತು, ಅಂಗಡಿ ಗುಡಿಸಿದ್ದಾಗುತ್ತಿತ್ತು. ಮಾತಿಲ್ಲ, ಗುಂಡಿಯಿಲ್ಲ. ಹೊಲಿದ ಅಂಗಿಗಳೆಲ್ಲ ಮೊಳೆಗೆ ಎದೆ ತೆರೆದುಕೊಂಡು ನೇತಾಡುತ್ತಿದ್ದವು. ಅವುಗಳ ನಡುವೆ ಒಂದು ಬೂದುಬಣ್ಣದ ಕೋಟೂ ಇತ್ತು. ಅದು ಪುರಸಭೆಯ ಎಂಜಿನಿಯರ್ ಸಾಹೇಬರದು. ಬೀದಿಗಳನ್ನು ಶಿಸ್ತಾಗಿ ಇಟ್ಟಿದ್ದಾರೆಂದು ಶನಿವಾರ ಸಂಜೆ ಅವರಿಗೆ ಸನ್ಮಾನ, ಅಲ್ಲಿಗೆ ಹಾಕಿಕೊಳ್ಳಲು ಆ ಕೋಟು.

ಟೈಲರ್ ತಾನೇ ಗುಂಡಿ ಹಾಕಲು ಕೂತ. ಮೊದಲನೆಯ ಅಂಗಿಯ ಎರಡೂ ಬದಿಗಳನ್ನು ಸೇರಿಸಿ, ನಡುವೆ ಗುಂಡಿಯಿಟ್ಟು ಭದ್ರವಾಗಿ ಹೊಲಿದ. ಗಿರಾಕಿ ಅದನ್ನು ತಲೆಯ ಮೇಲಿಂದ ತೂರಿಸಿಕೊಂಡು, ಹೊಸ ಫ್ಯಾಷನ್ನೇ ಎಂದು ಕೇಳಿಕೊಂಡು ಹೋದ. ಎರಡನೆಯ ಅಂಗಿಯ ಗುಂಡಿಯನ್ನು ತನ್ನ ಪ್ಯಾಂಟಿನ ತೊಡೆಗೂ ಸೇರಿಸಿ ಹಾಕಿದ್ದರಿಂದ, ಗಿರಾಕಿ ಬಂದಾಗ ಎದ್ದು ನಿಲ್ಲಲಾಗದೆ ಕೂತಲ್ಲೇ ಕೈಮುಗಿದ. ಎಂಜಿನಿಯರ್ ಸಾಹೇಬರ ಕೋಟಿಗೆ ಕೈ ಹಾಕುವ ಧೈರ್ಯ ಆಗಲಿಲ್ಲ.

ಮಂಗಳವಾರ ಅವನು ನನ್ನ ಅಂಗಡಿಗೆ ಬಂದು ಕೂತ.

"ಅವಳು ಮಾತಾಡ್ದೇ ಇದ್ರೆ ಮೆಷಿನ್ ಸದ್ದು ಕೂಡ ಬೇರೆ ಥರ ಕೇಳುತ್ತೆ ಕಣಯ್ಯ," ಎಂದ. "ಕೈಯೇ ಓಡ್ತಿಲ್ಲ."

ಕಣ್ಣಲ್ಲಿ ನೀರಿತ್ತು. ನನಗೂ ಕೆಡುಕೆನಿಸಿತು. ನಾನೇನು ಸಲಹೆ ಕೊಡಬಲ್ಲೆ? ಟೈಲರ್ ನೀನು, ಹಿಡಿಸದ್ದನ್ನು ಬಿಚ್ಚಿ ದೊಡ್ಡದು ಮಾಡುವುದು ನಿನ್ನ ಕಸುಬು ತಾನೆ ಎಂದೆ. ಅವನ ಮುಖ ಅರಳಿತು. ಸಲಹೆ ಕೊಡುವವರು ತಮ್ಮ ಸಲಹೆ ಎಷ್ಟು ಉದ್ದವಾಗಬಹುದೆಂದು ಮೊದಲೇ ನೋಡಿಕೊಳ್ಳಬೇಕು. ನಾನು ನೋಡಿಕೊಳ್ಳಲಿಲ್ಲ.

ಅವತ್ತೇ ಅವನು ಹಿಂಭಾಗದ ತಿರುವನ್ನು ಒರೆಸಿ, ಗೆರೆಯನ್ನು ಇನ್ನೂ ಹಿಂದಕ್ಕೆ ಎಳೆದು, ಒಂದು ಹಿಂದಿನ ಸೀಟು ಬರೆದ. ಆಮೇಲೆ ಬಾಗಿಲ ಸಂದಿಗೆ ಬಾಯಿಟ್ಟು, ಇವಳೇ, ನಿನಗೂ ಜಾಗ ಆಯಿತು ಎಂದು ಸಾರಿದ. ಟೈಲರಮ್ಮ ಉತ್ತರ ಕೊಟ್ಟದ್ದು ಅವನಿಗಲ್ಲ, ಸೂರಿನ ಫ್ಯಾನಿಗೆ.

"ಹಿಂದಿನ ಸೀಟಂತೆ. ಇಷ್ಟು ವರ್ಷ ಪಕ್ಕದಲ್ಲಿ ಕೂತು ಗುಂಡಿ ಹಾಕಿದ್ದಕ್ಕೆ ಹಿಂದಿನ ಸೀಟು."

ಬುಧವಾರ ಅತ್ತೆ ಬಂದರು. ಮಗಳು ಫೋನಿನಲ್ಲಿ ಏನು ಹೇಳಿದ್ದರೋ ಗೊತ್ತಿಲ್ಲ, ಆಕೆ ಅಳಿಯನಿಗೆ ಬುದ್ಧಿ ಹೇಳಲೆಂದೇ ಚೀಲ ಹಿಡಿದು ಬಂದವರು. ಆದರೆ ಕಾರು ನೋಡಿದ ಮೇಲೆ ಬಂದ ಕೆಲಸ ಮರೆತುಹೋಯಿತು. ಮಡಿಸುವ ಕುರ್ಚಿ ತರಿಸಿ, ಹಿಂದಿನ ಸೀಟಿನ ಗೆರೆಯೊಳಗೆ ಹಾಕಿಸಿ, ಕೊಡೆ ಬಿಡಿಸಿಕೊಂಡು ಕೂತರು. ಸ್ವಲ್ಪ ಹೊತ್ತು ಹಾಗೇ ಬೀದಿ ನೋಡಿದರು.

"ಅಳಿಯಂದ್ರೇ, ಮೊಣಕಾಲು ಡ್ರೈವರ್ ಬೆನ್ನಿಗೆ ತಗುಲುತ್ತೆ," ಎಂದರು.

ಟೈಲರ್ ಮೊಣಕಾಲಿನ ಅಳತೆ ತೆಗೆದು, ಕಾರನ್ನು ಬಿಚ್ಚಿ ಇನ್ನಷ್ಟು ಉದ್ದ ಮಾಡಿದ. ಮತ್ತೆ ಸುತ್ತಲೂ ಒಂದೂವರೆ ಇಂಚು. ಸಂಜೆ ಅತ್ತೆಯ ಮಗ ಬಂದ. ಅವನು ಮನೆಗಳಿಗೆ ಬಣ್ಣ ಬಳಿಯುವವನು. ತಾಯಿ ನಡುಬೀದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದನ್ನು ಕಂಡು ಹೌಹಾರಿದವನು, ವಿಷಯ ತಿಳಿದ ಮೇಲೆ ಕೇಳಿದ್ದು ಒಂದೇ ಮಾತು, ತಾನೆಲ್ಲಿ ಎಂದು. ಕಿಟಕಿಯ ಪಕ್ಕ ಬೇಕೆಂದೂ ಸೇರಿಸಿದ. ಅವನಿಗೆ ಒಂದು ಸಾಲು. ಅಷ್ಟರಲ್ಲಿ ಟೈಲರನ ಅಕ್ಕ ಫೋನು ಮಾಡಿ, ಹೆಂಡತಿ ಕಡೆಯವರಿಗೆಲ್ಲ ಸಾಲು ಸಾಲು ಸೀಟಂತೆ, ಒಡಹುಟ್ಟಿದವಳಿಗೆ ಡಿಕ್ಕಿಯಲ್ಲಾದರೂ ಜಾಗವಿದೆಯೇ ಎಂದು ಅತ್ತುಬಿಟ್ಟಳು. ಆಕೆಗೊಂದು ಸಾಲು. ಕೆಂಪು ಕಾರಿನ ಸೊಂಪಾದ ಹಿಂಭಾಗ ಔಷಧಿ ಅಂಗಡಿಯ ಮೆಟ್ಟಿಲಿಗೆ ಬಂದು ತಾಗಿತು.

ನನಗೂ ಒಂದು ಸೀಟು ಬಂತೇ ಎಂದು ನೀವು ಕೇಳಬಹುದು. ನಾನು ಬಾಯಿಬಿಟ್ಟು ಕೇಳಲಿಲ್ಲ. ಸ್ಟೀರಿಂಗಿನ ಪಕ್ಕದಲ್ಲಿ ಒಂದು ಸಣ್ಣ ಗಡಿಯಾರ ಬರೆದರೆ ಚೆನ್ನ ಎಂದಷ್ಟೇ ಹೇಳಿದೆ. ಬರೆದ.

ಇಷ್ಟಾದರೂ ಟೈಲರಮ್ಮ ಹೊರಗೆ ಬಂದು ನೋಡಲಿಲ್ಲ. ಇವನ ಸಂಕಟ ಇದ್ದದ್ದೂ ಅಲ್ಲೇ. ಊರಿಗೆಲ್ಲ ಸೀಟು ಕೊಟ್ಟು, ಯಾರಿಗಾಗಿ ಬಿಚ್ಚಿ ಹೊಲಿಯಲು ಹೊರಟನೋ ಅವರು ಮಾತ್ರ ಒಳಗೇ ಇದ್ದರು.

ಚಾಕ್‌ಪೀಸಿನ ಗೆರೆ ಜನರ ಕಾಲಿಗೆ ಸಂಜೆಯ ಹೊತ್ತಿಗೆ ಮಾಸಿಹೋಗುತ್ತಿತ್ತು. ತನ್ನ ಕಿಟಕಿ ಅಳಿಸಿಹೋಗುವುದು ಭಾವಮೈದನಿಗೆ ಸಹಿಸಲಾಗಲಿಲ್ಲ. ಗುರುವಾರ ಬೆಳಿಗ್ಗೆ ಎಲ್ಲೋ ಮಿಕ್ಕಿದ್ದ ಬಿಳಿ ಪೇಂಟಿನ ಡಬ್ಬ ತಂದು, ಇಡೀ ಕಾರಿನ ಸುತ್ತ, ಒಳಗಿನ ಸೀಟು, ಕಿಟಕಿ, ಗಡಿಯಾರಕ್ಕೂ ನೀಟಾಗಿ ಗೆರೆ ಹೊಡೆದ. ಅವನ ಕೈಗುಣ ಒಳ್ಳೆಯದು. ಪುರಸಭೆಯವರ ಗೆರೆ ಕೂಡ ಅಷ್ಟು ನೇರವಾಗಿರುವುದಿಲ್ಲ.

ಕಷ್ಟ ಶುರುವಾದದ್ದೇ ಆಗ. ಚಾಕ್‌ಪೀಸಿನ ಗೆರೆಯನ್ನು ತುಳಿಯಲು ಯಾರೂ ಹೆದರುವುದಿಲ್ಲ. ಬಿಳಿ ಪೇಂಟು ಬಿದ್ದ ಕೂಡಲೇ ಜನಕ್ಕೆ ಅದರ ಹಿಂದೆ ಸರ್ಕಾರ ಕಾಣಿಸುತ್ತದೆ. ಸ್ಕೂಟರುಗಳು ಗೆರೆಯ ಹೊರಗೆ ಸಾಲಾಗಿ ನಿಂತವು. ಪೋಸ್ಟ್‌ಮ್ಯಾನ್ ಬಾನೆಟ್ಟನ್ನು ಸುತ್ತಿಕೊಂಡು ನನ್ನ ಅಂಗಡಿಗೆ ಬಂದ. ನೀರಿನ ಟ್ಯಾಂಕರಿನವನು ಗೆರೆಯ ಮುಂದೆ ಬ್ರೇಕು ಹಾಕಿ, ಇಳಿದು, ಗೆರೆಯ ಆ ತುದಿಯಿಂದ ಈ ತುದಿಯವರೆಗೆ ನಡೆದು ನೋಡಿ, ಮೇಲಿನವರ ಸಹವಾಸ ನಮಗೇಕೆ ಎನ್ನುತ್ತಾ ಹಿಂದಕ್ಕೆ ತೆಗೆದುಕೊಂಡು ಹೋದ. ಆ ದಿನ ಬೀದಿಯಲ್ಲಿ ಯಾರೂ ಸ್ನಾನ ಮಾಡಲಿಲ್ಲ.

ಔಷಧಿ ಅಂಗಡಿಗೆ ಬರುವವರು ಡಿಕ್ಕಿ ದಾಟಲು ಮನಸ್ಸಾಗದೆ ಮುಂದಿನ ಬೀದಿಯ ಅಂಗಡಿಗೆ ಹೋಗತೊಡಗಿದರು. ಇದು ಯಾರಿಗಾಗಿ ಕಾದಿರಿಸಿದ ಜಾಗ ಎಂದು ಒಬ್ಬರು ಕೇಳಿದಾಗ ಔಷಧಿ ಅಂಗಡಿಯವರು ಸಿಟ್ಟಿನಲ್ಲಿ, ಯಾರೋ ದೊಡ್ಡವರದಂತೆ ಎಂದುಬಿಟ್ಟರು. ಆ ಮಾತು ಬೀದಿಯ ತುದಿ ಮುಟ್ಟುವ ಹೊತ್ತಿಗೆ ದೊಡ್ಡವರು ಇನ್ನೂ ದೊಡ್ಡವರಾಗಿದ್ದರು. ಶುಕ್ರವಾರ ಗುಡಿಸುವವರು ಗೆರೆಯ ಒಳಗನ್ನು ಮಾತ್ರ ಗುಡಿಸಿ, ನೀರು ಚಿಮುಕಿಸಿ ಹೋದರು. ಅತ್ತೆ ಕುರ್ಚಿಯಲ್ಲಿ ಕೂತೇ ಕಾಲೆತ್ತಿ ಅನುಕೂಲ ಮಾಡಿಕೊಟ್ಟರು. ಆಕೆ ದೊಡ್ಡವರ ತಾಯಿಯೇ ಇರಬೇಕೆಂದು ಇಬ್ಬರು ನಮಸ್ಕಾರ ಮಾಡಿದರು. ಆಕೆ ಅದನ್ನು ಸ್ವೀಕರಿಸಿದರು ಕೂಡ.

ಔಷಧಿ ಅಂಗಡಿಯವರು ತಡೆಯಲಾಗದೆ ಪುರಸಭೆಗೆ ದೂರು ಕೊಟ್ಟರು.

ಶನಿವಾರ ಸಂಜೆ ಎಂಜಿನಿಯರ್ ಸಾಹೇಬರು ಎರಡೂ ಕೆಲಸ ಒಟ್ಟಿಗೆ ಮುಗಿಸುವ ಲೆಕ್ಕದಲ್ಲಿ ಬಂದರು. ಸನ್ಮಾನಕ್ಕೆ ಹೋಗುವ ದಾರಿಯಲ್ಲಿ ಕೋಟು ತೆಗೆದುಕೊಳ್ಳುವುದು, ಹಾಗೆಯೇ ಗೆರೆ ನೋಡುವುದು. ಜೊತೆಗೆ ಟೇಪು ಹಿಡಿದ ಕೆಲಸಗಾರನಿದ್ದ. ಟೈಲರ್ ಕೋಟು ತಂದು ತೊಡಿಸಿದ. ಅಳತೆ ಸೊಗಸಾಗಿತ್ತು. ಸಾಹೇಬರು ಗುಂಡಿ ಹಾಕಿಕೊಳ್ಳಲು ಎದೆಯ ಮೇಲೆ ಕೈಯಾಡಿಸಿದರು, ಹೊಟ್ಟೆಯ ಮೇಲೆ ಕೈಯಾಡಿಸಿದರು, ಎಲ್ಲೂ ಏನೂ ಸಿಗಲಿಲ್ಲ.

"ಗುಂಡಿ ಎಲ್ರೀ?"

ಟೈಲರ್ ಬಾಗಿಲ ಕಡೆ ನೋಡಿದ. ಅಲ್ಲಿ ಟೈಲರಮ್ಮ ನಿಂತಿದ್ದರು. ಸಾಹೇಬರು ಕೋಟಿನ ವಿಚಾರವನ್ನು ತಾತ್ಕಾಲಿಕವಾಗಿ ಬದಿಗಿಟ್ಟು, ಅದನ್ನು ಒಂದು ಕೈಯಿಂದ ಮುಚ್ಚಿ ಹಿಡಿದು, ಇನ್ನೊಂದು ಕೈಯಿಂದ ಬೀದಿಯನ್ನು ತೋರಿಸಿದರು.

"ಇದು ಯಾರದು?"

"ನಂದೇ ಸಾರ್."

"ಏನಿದು?"

"ಕಾರು ಸಾರ್."

ಸಾಹೇಬರು ಬೀದಿಯ ಆ ಕೊನೆ ಈ ಕೊನೆ ನೋಡಿದರು. "ಕಾರೆಲ್ಲಿ?"

"ಇನ್ನೂ ಆಲ್ಟರೇಷನ್ ನಡೀತಿದೆ ಸಾರ್."

ಇಲ್ಲದ ಕಾರಿನ ಬಗ್ಗೆ ತಮಗೇನು ಕೆಲಸ ಎಂದು ಅವರು ಹೊರಟುಬಿಡಬಹುದಿತ್ತು. ಆದರೆ ನಿಯಮ ತಿಳಿದವರಿಗೆ ಅಷ್ಟು ಸುಲಭವಾಗಿ ಹೊರಡಲು ಬರುವುದಿಲ್ಲ. ಅಳತೆ ತೆಗೆಸಿದರು. ಕೆಲಸಗಾರ ಅತ್ತೆಯ ಕುರ್ಚಿಯ ಕೆಳಗಿಂದ ಟೇಪು ತೂರಿಸಿ, ಆ ತುದಿಗೆ ಹೋಗಿ ಅಂಕಿ ಕೂಗಿದ. ಇದು ಬಸ್ಸಿಗಿಂತಲೂ ಉದ್ದ, ಅದೂ ಒಂದೂವರೆ ಇಂಚಿನಷ್ಟು ಎಂದು ಸಾಹೇಬರು ಹುಬ್ಬೇರಿಸಿದರು.

"ಅದು ಹೊಲಿಗೆಗೆ ಬಿಟ್ಟಿದ್ದು ಸಾರ್," ಎಂದ ಟೈಲರ್. "ಒಳಗೆ ಮಡಚಿಹೋಗುತ್ತೆ."

ಸಾಹೇಬರು ಕಣ್ಣು ಮುಚ್ಚಿ ತೆರೆದರು. ಇಷ್ಟುದ್ದದ ಗಾಡಿಗೆ ಈ ಬೀದಿಯಲ್ಲಿ ಅವಕಾಶವಿಲ್ಲ, ಮೊದಲಿದ್ದ ಅಳತೆಗೆ ಈಗಿಂದೀಗಲೇ ಇಳಿಸಬೇಕು, ಮಿಕ್ಕದ್ದನ್ನು ತಾವು ನೋಡುತ್ತಾ ಇರುವಾಗಲೇ ಅಳಿಸಬೇಕು ಎಂದು ತೀರ್ಪು ಕೊಟ್ಟರು. ಅಳಿಸಬೇಕೆಂದರೆ ಯಾರಾದರೂ ಇಳಿಯಬೇಕು. ಬೀದಿಯವರೆಲ್ಲ ಅಷ್ಟು ಹೊತ್ತಿಗೆ ಸುತ್ತ ಸೇರಿದ್ದರು. ಯಾರು ಮೊದಲು ಇಳಿಯುತ್ತಾರೆಂದು ನೋಡಲು ಕೆಲವರು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದರು. ಒಂದು ವಾರದಲ್ಲಿ ಆ ಮೆಟ್ಟಿಲಿಗೆ ಅಷ್ಟು ಜನ ಬಂದದ್ದು ಅವತ್ತೇ.

ಅತ್ತೆ ದೊಡ್ಡವರ ತಾಯಿಯ ಗಾಂಭೀರ್ಯದಲ್ಲೇ ಎದ್ದು ಕೊಡೆ ಮಡಚಿದರು. ತಮಗೆ ಮೊದಲಿನಿಂದಲೂ ಕಾರೆಂದರೆ ತಲೆಸುತ್ತು, ಹೇಳುವುದಕ್ಕೆ ಸಂಕೋಚವಾಗಿತ್ತು ಎಂದರು. ಭಾವಮೈದ ಗೊಣಗುತ್ತಾ ಕಪ್ಪು ಪೇಂಟು ತಂದ. ಮೊದಲು ಟೈಲರನ ಅಕ್ಕನ ಸಾಲು ಹೋಯಿತು. ಆಕೆ ಫೋನಿನಾಚೆ ಇದ್ದದ್ದರಿಂದ ಪ್ರತಿಭಟನೆ ಬರಲಿಲ್ಲ. ಆಮೇಲೆ ತನ್ನದೇ ಕಿಟಕಿಯ ಮೇಲೆ ಬ್ರಷ್ ಆಡಿಸುವಾಗ ಅವನು ಮುಖ ಆ ಕಡೆ ತಿರುಗಿಸಿಕೊಂಡ. ಕೊನೆಗೆ ಮೊದಲ ದಿನದ ಕಾರೇ ಉಳಿಯಿತು. ಎರಡು ಬಾಗಿಲು, ಎರಡು ಸೀಟು, ಒಂದು ಸಣ್ಣ ಗಡಿಯಾರ.

ಸಾಹೇಬರು ಇನ್ನು ಕೋಟಿನ ವಿಚಾರ ಎಂದು ಟೈಲರಮ್ಮನ ಕಡೆ ತಿರುಗಿದರು. ಸನ್ಮಾನದವರು ಅದಾಗಲೇ ಎರಡು ಸಲ ಫೋನು ಮಾಡಿದ್ದರು. ಔಷಧಿ ಅಂಗಡಿಯವರು ದೂರು ಕೊಟ್ಟವರ ಹುರುಪಿನಲ್ಲಿ ಪಿನ್ನು ತಂದುಕೊಡಲೇ ಎಂದರು. ಸಾಹೇಬರು ಅವರನ್ನು ನೋಡಿದ ರೀತಿಗೆ ಅವರು ತಮ್ಮ ಮೆಟ್ಟಿಲಿಗೆ ವಾಪಸಾದರು.

"ಗುಂಡಿ ಹಾಕ್ತೀನಿ ಸಾರ್," ಎಂದರು ಟೈಲರಮ್ಮ. "ನನ್ನ ಜಾಗ ಎಲ್ಲಿ ಅಂತ ಮೊದಲು ತೀರ್ಮಾನ ಆಗ್ಲಿ."

ಸಾಹೇಬರಿಗೆ ತಲೆಬುಡ ತಿಳಿಯಲಿಲ್ಲ. ನಾನು ಮುಂದೆ ಹೋಗಿ ವಿಷಯ ವಿವರಿಸಿದೆ. ಅವರು ಕೋಟು ಹಿಡಿದುಕೊಂಡೇ ಕಾರಿನ ಸುತ್ತ ಒಂದು ಸುತ್ತು ಬಂದು, ಎರಡು ಸೀಟನ್ನೂ ಪರೀಕ್ಷಿಸಿ, ಡ್ರೈವರ್ ಬಿಟ್ಟರೆ ಒಬ್ಬರಿಗೇ ಜಾಗ ಎಂದು ಖಚಿತಪಡಿಸಿದರು. ಆ ಮಾತು ಅಧಿಕೃತವಾಗಿ ಕೇಳಿದ ಮೇಲೆ ಟೈಲರನಿಗೆ, ಒಂದು ವಾರ ತಡವಾಗಿ, ಎಲ್ಲವೂ ಹೊಳೆಯಿತು. ಅವನ ಮುಖ ಇಳಿದುಹೋಯಿತು.

"ಇವಳೇ, ನಾನು ಇಳೀತೀನಿ," ಎಂದ. "ನೀನು ಕೂತ್ಕೋ. ನಾನು ಬಸ್ಸಲ್ಲಿ ಬರ್ತೀನಿ."

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಟೈಲರಮ್ಮನೂ ಕರಗಿದರೆಂದು ನನಗೆ ಗೊತ್ತಾಯಿತು, ಯಾಕೆಂದರೆ ಸಿಟ್ಟು ಮಾಡಿಕೊಂಡರು.

"ಯಾರೋ ಡ್ರೈವರ್ ಪಕ್ಕ ಕೂತು ನಾನೊಬ್ಬಳೇ ಎಲ್ಲಿಗೆ ಹೋಗ್ಲಿ? ನಿಮಗೆ ಸ್ವಲ್ಪನಾದ್ರೂ ಬುದ್ಧಿ ಇದೆಯೇನ್ರೀ? ಆ ಡ್ರೈವರ್‌ನ ಇಳಿಸಿ ಮೊದಲು."

"ಇಳಿಸಿದ್ರೆ ಓಡಿಸೋರು ಯಾರು?"

ಟೈಲರಮ್ಮ ಒಳಗೆ ಹೋಗಿ ತಮ್ಮ ಮರದ ಸ್ಟೂಲು, ಸೂಜಿ, ನೂಲಿನ ಉಂಡೆ, ಗುಂಡಿಯ ಡಬ್ಬ ತಂದರು. ಬಲಗಡೆಯ ಬಾಗಿಲಿನಿಂದಲೇ ಒಳಗೆ ಹೋಗಿ, ಸ್ಟೀರಿಂಗಿನ ಮುಂದೆ ಸ್ಟೂಲು ಹಾಕಿಕೊಂಡು ಕೂತರು.

"ಮೆಷಿನ್ ತುಳಿಯೋದು ಯಾರು ಈ ಮನೇಲಿ?" ಎಂದರು. "ಕಾಲಲ್ಲಿ ತುಳೀಬೇಕು, ಕೈಯಲ್ಲಿ ತಿರುಗಿಸ್ಬೇಕು, ಕಣ್ಣು ಮುಂದೆ ಇರ್ಬೇಕು. ಅಷ್ಟೇ ತಾನೆ? ಬನ್ನಿ, ಕೂತ್ಕೊಳ್ಳಿ. ಸಾರ್, ಕೋಟು ಕೊಡಿ."

ಒಂದು ವಾರ ಇಡೀ ಸಂಸಾರ, ಅಳತೆಯ ಟೇಪು, ಎರಡು ಬಣ್ಣದ ಪೇಂಟು, ಒಂದು ಪುರಸಭೆ, ಇವೆಲ್ಲ ಸೇರಿ ಬಗೆಹರಿಸಲಾಗದ್ದು ಒಂದು ಸ್ಟೂಲಿನಿಂದ ಬಗೆಹರಿಯಿತು. ಟೈಲರ್ ಓಡಿಹೋಗಿ ತನ್ನ ಸ್ಟೂಲು ತಂದ. ಕಾರಿನ ಮುಂದಿನಿಂದ ಸುತ್ತಿಕೊಂಡು, ಎಡಗಡೆಯ ಬಾಗಿಲಿಂದ ಒಳಗೆ ಬಂದು ಪಕ್ಕದಲ್ಲಿ ಕೂತ. ಹೆಂಡತಿ ಕೋಟು ಮಡಿಲಲ್ಲಿ ಹಾಸಿಕೊಂಡರು. ಅವನು ಸೂಜಿಗೆ ನೂಲು ಪೋಣಿಸಿ ಕೊಟ್ಟ. ನೂಲು ಒಂದೂವರೆ ಇಂಚು ಹೆಚ್ಚೇ ಇತ್ತು, ಆಕೆ ಅದನ್ನು ಹಲ್ಲಿನಿಂದ ಕತ್ತರಿಸಿದರು.

ಸಾಹೇಬರು ಅಂಗಿಯಲ್ಲೇ ಕಾರಿನ ಎಡಗಡೆಯ ಬಾಗಿಲ ಬಳಿ ನಿಂತು ಕಾಯುತ್ತಿದ್ದರು. ಮೊದಲ ಗುಂಡಿ ಕೂತಿತು, ಎರಡನೆಯದೂ ಕೂತಿತು.

"ಎಲ್ಲಿಗೆ ಹೋಗೋಣ ಹೇಳಿ," ಎಂದರು ಟೈಲರಮ್ಮ, ತಲೆಯೆತ್ತದೆ.

ಟೈಲರ್ ಗಾಬರಿಯಾದ. ನಿಜವೆಂದರೆ ಒಂದು ವಾರದಿಂದ ನಮ್ಮ ಬೀದಿಯಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿರಲಿಲ್ಲ. ಯಾರು ಎಲ್ಲಿ ಕೂರಬೇಕೆಂದು ಜಗಳವಾಡಿದವರೇ ಎಲ್ಲರೂ. ದುಡ್ಡಿನ ಯೋಚನೆಯಿಲ್ಲದ, ಸುಕ್ಕಿಲ್ಲದ ಮೈಯ ಕೆಂಪು ಕಾರಿನಲ್ಲಿ ಕೂತು ಅವನು ಬಹಳ ಹೊತ್ತು ಯೋಚಿಸಿದ. ಆಮೇಲೆ ಹೆಂಡತಿಯ ಕೈಯಲ್ಲಿದ್ದ ಉಂಡೆ ನೋಡಿದ.

"ನೂಲು ಮುಗೀ‍ತಾ ಬಂತು. ನೂಲು ತರೋಣ."

"ಸರಿ," ಎಂದರು ಟೈಲರಮ್ಮ. "ಬಾಗಿಲು ಹಾಕ್ಕೊಳ್ಳಿ."

ಟೈಲರ್ ಪಕ್ಕಕ್ಕೆ ಬಾಗಿ, ಗಾಳಿಯಲ್ಲಿ ಕೈ ಚಾಚಿ, ಬಾಗಿಲು ಎಳೆದುಕೊಂಡ. ಟೈಲರಮ್ಮ ಹೊಲಿಯುತ್ತಲೇ ಓರೆಗಣ್ಣಿನಿಂದ ಆ ಕಡೆ ನೋಡಿದರು.

"ಪೂರ್ತಿ ಬಿದ್ದಿಲ್ಲ. ಒಂದೂವರೆ ಇಂಚು ತಡೀತಿದೆ. ಇನ್ನೊಂದ್ಸಲ ಎಳೀರಿ."

ಅವನು ಬಾಗಿಲನ್ನು ಮತ್ತೆ ಅಗಲವಾಗಿ ತೆರೆದ. ಎಂಜಿನಿಯರ್ ಸಾಹೇಬರು ತಮಗೆ ತಗುಲೀತೆಂದು ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತರು.